ಸೋಮವಾರದ ನೀರು

ರೋಣದ ಬಸ್ಸು ಹಿಡಿಯಲು ನಾನು ದಿನಾ ಬೆಳಿಗ್ಗೆ ನಮ್ಮೂರು ಅಸೂಟಿಯ ಕೆರೆಯ ದಂಡೆಯ ಮೇಲೆ ಹಾಯ್ದು ಹೋಗಬೇಕಿತ್ತು. ಆ ಚಳಿಗಾಲ ಅಲ್ಲಿ ಕೊಡ ಹಿಡಿದು ನಿಂತ ಹೆಂಗಸರು ನೀರು ನೋಡುವುದನ್ನು ಬಿಟ್ಟು ನನ್ನ ಮುಖ ನೋಡತೊಡಗಿದ್ದರು. ಬಾಯಿಬಿಟ್ಟು ಬೈದಿದ್ದರೆ ನಾನೂ ನಾಲ್ಕು ಮಾತು ತಿರುಗಿಸಿ ಅಂದು ಹಗುರಾಗುತ್ತಿದ್ದೆ. ಬೈಯಲಿಲ್ಲ. ಸೆರಗು ಸರಿಮಾಡಿಕೊಂಡು, ಸಾಹೇಬರಿಗೆ ಬಿಡುವ ಹಾಗೆ ದಾರಿ ಬಿಡುತ್ತಿದ್ದರು. ಅದು ಬೈಗುಳಕ್ಕಿಂತ ಕೆಟ್ಟದ್ದು.

ಕೆರೆ ಅರ್ಧವೂ ತುಂಬಿರಲಿಲ್ಲ. ಅದಕ್ಕೆ ನೀರು ಬರುವುದು ಮಲಪ್ರಭೆಯ ಕಾಲುವೆಯಿಂದ, ಅದೂ ಕಾಲುವೆಯ ಕಟ್ಟಕಡೆಯ ತುದಿಯಿಂದ. ಕಾಲುವೆ ಬಂದ್ ಆಗುವ ದಿನ ಹತ್ತಿರ ಬರುತ್ತಿತ್ತು. ಅಷ್ಟರೊಳಗೆ ತುಂಬಿದರೆ ಊರು ಬೇಸಿಗೆ ದಾಟುತ್ತದೆ. ತುಂಬದಿದ್ದರೆ ಟ್ಯಾಂಕರಿನ ಹಿಂದೆ ಓಡಬೇಕು, ಇಲ್ಲವೇ ಬೋರಿನ ಸವಳು ನೀರು ಕುಡಿಯಬೇಕು. ಆ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಮಕ್ಕಳ ಹಲ್ಲು ಹಳದಿಯಾಗುತ್ತವೆ. ನಾನು ತೀರ ಸಣ್ಣವಳಿದ್ದಾಗ ಕೆರೆಗೆ ಇನ್ನೂ ಕಾಲುವೆ ಬಂದಿರಲಿಲ್ಲ, ನನ್ನ ಹಲ್ಲು ಕೆಟ್ಟದ್ದೂ ಆ ನೀರಿನಿಂದಲೇ, ಅದಕ್ಕೇ ಫೋಟೋದಲ್ಲಿ ನಾನು ನಗುವುದಿಲ್ಲ.

ನನ್ನ ಮುಖ ಯಾಕೆ ನೋಡುತ್ತಿದ್ದರೆಂದರೆ, ಕಾಲುವೆಯ ಗೇಟನ್ನು ಎಂದು ಎಷ್ಟು ಎತ್ತಬೇಕು ಎಂದು ಆ ವರ್ಷ ಹೇಳುತ್ತಿದ್ದವಳು ನಾನು. ಗೌಸುಸಾಬನ ಮಗಳು ಇಷ್ರತ, ಗಣಿತದಲ್ಲಿ ಎಂ.ಎಸ್ಸಿ., ಧಾರವಾಡದಲ್ಲಿ ಪಿಎಚ್.ಡಿ.ಗೆ ಹೆಸರು ಹಚ್ಚಿ ವರ್ಷಗಟ್ಟಲೆ ಅದೇ ಗಾಣಕ್ಕೆ ತಿರುಗುತ್ತಿರುವವಳು. ನನ್ನ ಪ್ರಬಂಧದಲ್ಲಿ ಎಲ್ಲ ಅಧ್ಯಾಯಗಳೂ ಇದ್ದವು, ಕೊನೆಯದೊಂದು ಬಿಟ್ಟು. ನಿಜವಾದ ಜಗತ್ತಿನ ಒಂದು ಸಮಸ್ಯೆಗೆ ನಿನ್ನ ವಿಧಾನ ಹಚ್ಚಿ ತೋರಿಸು, ಆಮೇಲೆ ಸಹಿ ಹಾಕುತ್ತೇನೆ ಎಂದು ಮಾರ್ಗದರ್ಶಕರು ಕೂತುಬಿಟ್ಟಿದ್ದರು. ಅದೇ ಹೊತ್ತಿಗೆ ಕಾಲುವೆಯ ನೀರು ಬಳಸುವ ಊರುಗಳ ಒಕ್ಕೂಟಕ್ಕೆ ಕಂಪ್ಯೂಟರಿನಿಂದ ನೀರು ಹಂಚಬೇಕೆಂಬ ಹುಕಿ ಬಂತು. ಗುತ್ತಿಗೆಯ ಮೇಲೆ ನನ್ನನ್ನು ತೆಗೆದುಕೊಂಡರು. ರೋಣದಲ್ಲಿ ಒಂದು ಕೋಣೆ, ಒಂದು ಕುಂಟು ಕುರ್ಚಿ, ಎಂಜಿನಿಯರ್ ಕೊಟ್ರೇಶ ಸರ್ ಕೈಕೆಳಗೆ ಕೆಲಸ. ಈ ಕಾಲುವೆಯೇ ನನ್ನ ಕೊನೆಯ ಅಧ್ಯಾಯವಾಗುತ್ತದೆ ಎಂದು ನಾನು ಹಿಗ್ಗಿದ್ದು ಹೌದು. ಈಗ ನೆನೆಸಿಕೊಂಡರೆ ಸುಸ್ತಾಗುತ್ತದೆ.

ನನ್ನ ವಿದ್ಯೆ ಏನೆಂದು ಅಮ್ಮನಿಗೆ ಒಮ್ಮೆ ತಿಳಿಸಿ ಹೇಳಲು ಹೋಗಿದ್ದೆ. ಗಜೇಂದ್ರಗಡದ ಗುಡ್ಡದ ಮೇಲೆ ಕಣ್ಣು ಕಟ್ಟಿ ಬಿಟ್ಟಿದ್ದಾರೆ ಎಂದುಕೋ. ಕಾಲಿನಿಂದ ಇಳಿಜಾರು ತಡವುತ್ತ ತಡವುತ್ತ ಎಲ್ಲಕ್ಕಿಂತ ತಗ್ಗಾದ ಜಾಗ ಹುಡುಕಬೇಕು. ಆ ತಗ್ಗು ಎಂದರೆ ಎಲ್ಲಕ್ಕಿಂತ ಕಡಿಮೆ ನಷ್ಟ. ನೆಲ ಒಂದೇ ಕಡೆಗೆ ಇಳಿದಿದ್ದರೆ ಕಷ್ಟವಿಲ್ಲ, ಆದರೆ ಇದು ಏರಿ ಇಳಿದು ಹೊರಳುವ ನೆಲ. ಗೇಟನ್ನು ಎರಡರಷ್ಟು ಎತ್ತಿದರೆ ನೀರು ಎರಡರಷ್ಟು ಬರುವುದಿಲ್ಲ. ಕಾಲುವೆ ತುಂಬಿ ಹರಿದಾಗ ಸೋರುವುದೇ ಬೇರೆ, ಅರ್ಧ ಹರಿದಾಗ ಸೋರುವುದೇ ಬೇರೆ. ಇದೆಲ್ಲದರ ಮೇಲೆ ನಡುನಡುವೆ ಬೇಲಿಗಳು, ಅವನ್ನು ದಾಟುವಂತಿಲ್ಲ. ಇಂಥ ಊರಿಗೆ ಇಷ್ಟಾದರೂ ಮುಟ್ಟಬೇಕು ಎಂಬುದು ಒಂದು ಬೇಲಿ, ದಂಡೆ ಒಡೆಯದಂತೆ ಇಷ್ಟಕ್ಕಿಂತ ಹೆಚ್ಚು ಬಿಡಬಾರದು ಎಂಬುದು ಇನ್ನೊಂದು.

ಅಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಒಂದೇ ಪ್ರಶ್ನೆ ಕೇಳಿದಳು.

"ಕಣ್ಣ್ಯಾಕ ಕಟ್ಕೋಬೇಕು?"

ಸೂತ್ರಕ್ಕೆ ಕಣ್ಣಿಲ್ಲ, ಕಾಲು ಮಾತ್ರ ಇರುತ್ತದೆ ಎಂದೆ. ಹಂಗಾದರೆ ಅದಕ್ಕೆ ಕೈ ಹಿಡಿದು ನಡೆಸುವವರು ಬೇಕು ಎಂದು ಅಮ್ಮ ಮುಂದಿನ ರೊಟ್ಟಿ ಹೆಂಚಿಗೆ ಹಾಕಿದಳು.

ಕೆಲವು ಬೇಲಿಗಳನ್ನು ನಾನು ಗಟ್ಟಿ ಮಾಡಿದ್ದೆ, ಕೆಲವನ್ನು ಮೆತ್ತಗೆ. ಮೆತ್ತಗಿನ ಬೇಲಿಗೆ ಹಚ್ಚುವುದು ದಂಡದ ವಿಧಾನ. ನಮ್ಮ ಹಳ್ಳಿಯ ಕೊಂಡವಾಡ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಮ್ಮೆ ಬೇಲಿ ಹಾರಿ ಇನ್ನೊಬ್ಬರ ಹೊಲ ಮೇಯ್ದರೆ ಹಿಡಿದು ಕೊಂಡವಾಡದಲ್ಲಿ ಕಟ್ಟುತ್ತಾರೆ, ಒಡೆಯ ದಂಡ ತೆತ್ತು ಬಿಡಿಸಿಕೊಳ್ಳಬೇಕು. ದಂಡ ಕಡಿಮೆಯಿದ್ದರೆ ಒಡೆಯ ಕಣ್ಣು ಮುಚ್ಚಿಕೊಂಡು ಮೇಯಿಸುತ್ತಾನೆ. ಏರಿಸುತ್ತ ಹೋದರೆ ಒಂದು ಹಂತಕ್ಕೆ ಎಮ್ಮೆಯನ್ನು ತಾನೇ ಬೇಲಿಯೊಳಗೆ ನಿಲ್ಲಿಸುತ್ತಾನೆ. ಭಾಳ ಏರಿಸಿದರೆ ಹೆದರಿ ಮೇಯಲು ಬಿಡುವುದನ್ನೇ ನಿಲ್ಲಿಸುತ್ತಾನೆ, ಆಗ ಲೆಕ್ಕ ಹಟ ಹಿಡಿದು ಕೂತುಬಿಡುತ್ತದೆ. ಅಸೂಟಿಯ ಕೆರೆ ನನ್ನ ಲೆಕ್ಕದಲ್ಲಿ ಮೆತ್ತಗಿನ ಬೇಲಿ. ತುಂಬದಿದ್ದರೆ ದಂಡ, ಅಷ್ಟೇ. ತನ್ನೂರಿನ ಕಡೆಗೆ ವಾಲಿದಳು ಎಂದು ಯಾರೂ ಅನ್ನಬಾರದು ಎಂಬ ಹಮ್ಮು ನನಗೆ. ಮೂಗಿಗಿಂತ ಮೂಗುತಿ ಭಾರ ಅನ್ನುತ್ತಾರಲ್ಲ, ನನ್ನ ನ್ಯಾಯ ಹಾಗಿತ್ತು.

ಸೋಮವಾರವನ್ನು ಮಾತ್ರ ಗಟ್ಟಿ ಬೇಲಿ ಮಾಡಿದ್ದೆ. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅದು ಬಸವಣ್ಣನ ದಿನ. ಎತ್ತು ಮನೆಯಲ್ಲಿದ್ದರೆ ಆಳೂ ಮನೆಯಲ್ಲಿ. ಈಗ ಎತ್ತು ಹೋಗಿ ಟ್ರ್ಯಾಕ್ಟರು ಬಂದಿವೆ, ಆದರೂ ಸೋಮವಾರ ಹೊಲಕ್ಕೆ ಹೋಗಿ ನೀರು ತಿರುವುವವರಿಲ್ಲ. ನಮ್ಮ ಅಪ್ಪನೂ ಇದ್ದಷ್ಟು ದಿನ ಸೋಮವಾರ ಎತ್ತು ಹೂಡಲಿಲ್ಲ. ಶುಕ್ರವಾರ ನಮಾಜಿಗೂ ಬಿಡುತ್ತಿದ್ದ, ಹೀಗಾಗಿ ಊರಿನಲ್ಲಿ ನಮ್ಮ ಎತ್ತುಗಳಿಗೇ ರಜೆ ಹೆಚ್ಚು ಎಂದು ಜನ ಚಾಷ್ಟಿ ಮಾಡುತ್ತಿದ್ದರು. ಇದೆಲ್ಲ ಹೊರಗಿನವರಿಗೆ ತಿಳಿಯುವುದಿಲ್ಲ, ನನಗೆ ತಿಳಿದಿತ್ತು. ಯಾರೂ ನೀರು ತೆಗೆದುಕೊಳ್ಳದ ದಿನ ಕಾಲುವೆಯಲ್ಲಿ ನೀರು ಹರಿಸುವುದು ವ್ಯರ್ಥ ಎಂದು ಬರೆದೆ. ಭಾನುವಾರ ಸಂಜೆ ಗೇಟು ಹಾಕಬೇಕು, ಮಂಗಳವಾರ ಬೆಳಿಗ್ಗೆ ತೆಗೆಯಬೇಕು, ಉಳಿದ ನೀರನ್ನು ಮಿಕ್ಕ ದಿನಗಳಿಗೆ ಹಂಚಬೇಕು. ಗೇಟು ಕಾಯುವ ಕಳಕಪ್ಪನಿಗೆ ಫೋನಿನಲ್ಲಿ ಹೇಳಿದಾಗ ಅವನು ಸೋಮವಾರ ಏನ್ರಿ ಎಂದು ಎರಡು ಸಲ ಕೇಳಿ, ಆತು ಬಿಡ್ರಿ ಮೇಡಂ, ಎಂದಿದ್ದ. ಊರಿನ ರೂಢಿಯನ್ನು ಗಣಿತದೊಳಗೆ ತಂದೆನೆಂದು ನನಗೆ ಎಷ್ಟು ಹೆಮ್ಮೆಯೆಂದರೆ, ಪ್ರಬಂಧದಲ್ಲಿ ಅದಕ್ಕೆ ಒಂದು ಪುಟವನ್ನೇ ಬಿಟ್ಟಿದ್ದೆ.

ಮೇಲಿನ ಊರುಗಳು ಖುಷಿಯಾದವು. ಒಕ್ಕೂಟದ ಅಧ್ಯಕ್ಷ ಸಿದ್ದಾರೂಢಪ್ಪ ಗೌಡರು ನರಗುಂದದ ಸಭೆಯಲ್ಲಿ ನನ್ನ ಹೆಸರು ಹಿಡಿದು ಹೊಗಳಿದರು. ಅವರದು ಕಾಲುವೆಯ ತಲೆಯಲ್ಲಿ ಹೊಲ. ಕೆಟ್ಟವರಲ್ಲ, ಆದರೆ ಯಾವುದರಲ್ಲಿ ಲಾಭವಿದೆ ಎಂದು ಅವರಿಗೆ ಬೇಗ ಕಾಣುತ್ತದೆ. ಕಾಲುವೆಯ ತುದಿಯಲ್ಲಿ ಮಾತ್ರ ನೀರು ಏರಲಿಲ್ಲ. ಕಾಗದದ ಮೇಲೆ ಕೆರೆಗೆ ಕೊನೆಯ ವಾರ ಪೂರ್ತಿ ನೀರು ಎಂದಿತ್ತು. ಆದರೆ ಆಣೆಕಟ್ಟಿನಲ್ಲಿ ನೀರು ಇಳಿಯಿತೆಂದು ಕೊನೆಯ ವಾರ ಬರುವ ಮೊದಲೇ ಕಾಲುವೆ ಬಂದ್ ಮಾಡುವುದು ವರ್ಷವರ್ಷದ ರೂಢಿ. ದೇವರು ವರ ಕೊಟ್ಟರೂ ಪೂಜಾರಿ ಕೊಡುವುದಿಲ್ಲ. ಹಾಗಿದ್ದೂ ಹಿಂದಿನ ವರ್ಷಗಳಲ್ಲಿ ಕೆರೆ ಹೇಗೆ ತುಂಬುತ್ತಿತ್ತು ಎಂದು ನಾನು ಒಮ್ಮೆಯೂ ಕೇಳಿಕೊಳ್ಳಲಿಲ್ಲ. ತುಂಬಿದ ಕೆರೆಯಿಂದ ಕೊಡ ಎತ್ತಿ ಬೆಳೆದವಳಿಗೆ ಕೆರೆ ತುಂಬುವುದು ಬೆಳಗಾದ ಹಾಗೆ, ತಾನೇ ಆಗುವ ಸಂಗತಿ.

ಕಾಲುವೆಯ ಉದ್ದಕ್ಕೂ ನಡೆದು, ತುದಿಗೆ ನಿಜವಾಗಿ ಎಷ್ಟು ಮುಟ್ಟುತ್ತಿದೆ ಎಂದು ಅಳೆದು, ಸೋರಿಕೆಯ ಲೆಕ್ಕ ತಿದ್ದಿ ಮತ್ತೆ ಓಡಿಸಿದೆ. ಕೆರೆಯ ದಂಡ ಏರಿಸಿದೆ. ಆಗ ನಡುವಿನ ಊರುಗಳ ಬೇಲಿ ಬಿರಿಯಿತು. ಅವುಗಳ ದಂಡ ಏರಿಸಿದೆ, ಲೆಕ್ಕ ಹಟ ಹಿಡಿಯಿತು. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಬಾಯಿ ತೆರೆಯುತ್ತಿತ್ತು. ಮಧ್ಯಾಹ್ನ ಡಬ್ಬಿಯ ರೊಟ್ಟಿ ಬಾಯಿಗೆ ಒಣಗಿದ ಹುಲ್ಲು, ಸಂಜೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತೇ ನಿದ್ದೆ. ಆ ದಿನಗಳಲ್ಲಿ ನನಗೆ ಯಾರ ಮೇಲೂ ಸಿಟ್ಟು ಬರುತ್ತಿರಲಿಲ್ಲ, ಅಷ್ಟು ದಣಿದಿದ್ದೆ.

ಉತ್ತರದ ಜೊತೆಗೆ ಪ್ರತಿ ಬೇಲಿಗೂ ಒಂದು ಸಂಖ್ಯೆ ಬರುತ್ತದೆ, ಅದಕ್ಕೆ ಗುಣಕ ಎನ್ನುತ್ತಾರೆ. ಆ ಬೇಲಿಯನ್ನು ಒಂದು ಗೇಣು ಸರಿಸಿದರೆ ಎಷ್ಟು ಲಾಭ ಎಂದು ಅದು ಹೇಳುತ್ತದೆ. ಸೊನ್ನೆ ಬಂದರೆ ಆ ಬೇಲಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಸೋಮವಾರದ ಬೇಲಿಯ ಎದುರಿಗೆ ಎಲ್ಲಕ್ಕಿಂತ ದೊಡ್ಡ ಸಂಖ್ಯೆ ಕೂತಿತ್ತು, ಪ್ರತಿ ಸಲವೂ. ಇಲ್ಲಿ ಸರಿಸು, ಇಲ್ಲಿ ಸರಿಸು ಎಂದು ಕೈ ಮಾಡಿ ಕರೆಯುತ್ತಿತ್ತು. ನಾನು ನೋಡಿದೆ, ನೋಡಿ ಮುಂದೆ ಹೋದೆ. ಬಸವಣ್ಣನ ದಿನವನ್ನು ಸರಿಸಲು ನಾನ್ಯಾರು? ಸೂತ್ರಕ್ಕೇನು ಗೊತ್ತು ನಮ್ಮ ಕಡೆಯ ಸೋಮವಾರ, ಎಂದುಕೊಂಡೆ. ಓದಿ ಓದಿ ಮರುಳಾದ ಕೂಚಂಭಟ್ಟ ಎಂದರೆ ನಾನೇ.

ಒಂದು ಸಂಜೆ ಬಸ್ಸಿಳಿದು ಬರುತ್ತಿದ್ದೆ. ಅಮ್ಮ ಮತ್ತು ಪಕ್ಕದ ಮನೆಯ ಶೇಖವ್ವಾಯಿ ಕೆರೆಯ ಮೆಟ್ಟಿಲ ಮೇಲೆ ಕೂತಿದ್ದರು. ಹಿಂದಿನ ವರ್ಷ ನೀರಿನೊಳಗೆ ಮುಳುಗಿದ್ದ ಮೆಟ್ಟಿಲುಗಳು ಈಗ ಒಣಗಿ ಬೆಳ್ಳಗಾಗಿದ್ದವು. ಮನೆಯಲ್ಲಿ ನಾವು ಆಡುವುದು ಅರ್ಧ ಉರ್ದು ಅರ್ಧ ಕನ್ನಡ. ಸಿಟ್ಟು ಬಂದರೆ ಅಮ್ಮ ಪೂರ್ತಿ ಕನ್ನಡಕ್ಕೆ ಇಳಿಯುತ್ತಾಳೆ, ಬೈಯಲು ಅವಳಿಗೆ ಅದೇ ಸಲೀಸು. ಆ ಸಂಜೆ ಕನ್ನಡದಲ್ಲೇ ಶುರು ಮಾಡಿದಳು. ಕಳಕಪ್ಪ ಯಾವುದೋ ಮದುವೆಯಲ್ಲಿ ಸಿಕ್ಕು ಬಾಯಿ ಬಿಟ್ಟಿದ್ದನಂತೆ.

"ಸೋಮವಾರ ಗೇಟ್ ಹಾಕ್ಸಿದಾಕಿ ನೀನ ಏನು?"

ಹೌದು ಎಂದೆ. ಸೋಮವಾರ ಹೊಲಕ್ಕೆ ಯಾರು ಹೋಗುತ್ತಾರೆ, ಯಾರೂ ನೀರು ತೆಗೆದುಕೊಳ್ಳುವುದಿಲ್ಲವಲ್ಲ, ಸುಮ್ಮನೆ ಹಾಳಾಗುತ್ತದೆ ಎಂದೆ.

"ಯಾರೂ ತಗೊಳ್ಳಾಂಗಿಲ್ಲಂತನ ನಮಗ ಬರತಿತ್ತು," ಅಂದಳು ಅಮ್ಮ. "ವಾರೆಲ್ಲಾ ಮ್ಯಾಲಿನವರು ಕುಡದು ಬಿಟ್ಟದ್ದು ನಮಗ. ಸೋಮಾರ ಒಂದಿನ ಮಾತ್ರ ಪೂರ್ತಿ ನಮ್ದು. ಕೆರಿ ತುಂಬೂದು ಆ ನೀರಿಲೆ."

ನಾನೂ ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಹೊಲದವರ ಜೊತೆಗೆ ಗೇಟಿನ ಕಳಕಪ್ಪನೂ ಸೋಮವಾರ ಹಿಡಿಯುತ್ತಿದ್ದ. ಭಾನುವಾರ ಗೇಟು ಹೇಗಿತ್ತೋ ಹಾಗೇ ಬಿಟ್ಟು ಮನೆಯಲ್ಲಿರುತ್ತಿದ್ದ. ಮೇಲಿನ ಎಲ್ಲ ಹೊಲಗಳ ಬಾಯಿ ಮುಚ್ಚಿರುತ್ತಿದ್ದವು, ಕಾಲುವೆ ತನ್ನ ಪಾಡಿಗೆ ಹರಿಯುತ್ತ ತುದಿಗೆ ಬಂದು ನಮ್ಮ ಕೆರೆಗೆ ಬೀಳುತ್ತಿತ್ತು. ಬೆಂಗಳೂರಿನಿಂದ ಯಾರಾದರೂ ಬಂದು ಈ ಲೆಕ್ಕ ಬರೆದಿದ್ದರೆ ಅವರಿಗೆ ಸೋಮವಾರದ ಗೊಡವೆಯೇ ಇರುತ್ತಿರಲಿಲ್ಲ, ಗೇಟು ತೆರೆದೇ ಇರುತ್ತಿತ್ತು, ಕೆರೆ ತುಂಬುತ್ತಿತ್ತು. ಈ ತಪ್ಪು ಮಾಡಲು ಇಲ್ಲೇ ಹುಟ್ಟಿದವಳೇ ಬೇಕಾಯಿತು. ಬಸವಣ್ಣ ಬೇಡವೆಂದದ್ದು ನೊಗವನ್ನು, ನೀರನ್ನಲ್ಲ.

ನನಗೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಅಮ್ಮನ ಮೇಲೆ ಹರಿಹಾಯ್ದೆ. ಮೆಲ್ಲಗೆ ಮಾತಾಡು ಎಂದು ಶೇಖವ್ವಾಯಿ ನನ್ನ ಮೊಣಕಾಲು ಅದುಮಿದಳು. ಊರಿನ ಹಿರಿಯರಿಗೆಲ್ಲ ಇದು ಗೊತ್ತು, ಆದರೆ ಯಾರೂ ಆಡುವುದಿಲ್ಲ, ಕಿರಿಯರಿಗೆ ಹೇಳುವುದೂ ಇಲ್ಲ ಎಂದಳು. ಕೇಳದೆ ಬರುವ ನೀರು. ಅರ್ಜಿ ಕೊಟ್ಟು ಕೇಳಿದ್ದರೆ ಎಂದೋ ಹೋಗುತ್ತಿತ್ತು.

"ಇದಕ ಹೆಸರ ಇಟ್ಟಿ ಅಂದ್ರ ಮುಗೀತವ್ವಾ," ಅಂದಳು. "ಹೆಸರ ಇದ್ದದ್ದಕ ಪಾಲ ಕೇಳಾಕ ಬರ್ತಾರ."

ಮರುದಿನ ರೋಣಕ್ಕೆ ಹೋಗಿ ಸೋಮವಾರದ ಬೇಲಿ ಕಿತ್ತು ಹಾಕಿ ಲೆಕ್ಕ ಓಡಿಸಿದೆ. ನನ್ನ ಜೀವನದಲ್ಲಿ ಅಷ್ಟು ಚೆಂದಾಗಿ ಇಳಿದ ಲೆಕ್ಕವನ್ನು ನಾನು ಕಂಡಿಲ್ಲ. ವಾರಗಟ್ಟಲೆ ಹಟ ಹಿಡಿದದ್ದು ಎಳೆಗರು ಗೂಟಕ್ಕೆ ಬಂದ ಹಾಗೆ ತಾನೇ ಬಂದು ನಿಂತಿತು. ಕಾಗದದ ಮೇಲೆ ಕೆರೆ ತುಂಬಿತು, ನಡುವಿನ ಊರುಗಳಿಗೆ ಮುಟ್ಟಬೇಕಾದದ್ದು ಮುಟ್ಟಿತು, ನಷ್ಟ ಇಳಿಯಿತು. ಒಂದು ಪುಟ, ವಾರದ ದಿನಗಳು, ಪ್ರತಿ ದಿನದ ಎದುರಿಗೆ ಯಾರಿಗೆ ಎಷ್ಟು. ಸೋಮವಾರದ ಎದುರಿಗೆ: ಅಸೂಟಿ ಕೆರೆ, ಪೂರ್ತಿ. ಇದೇ ನನ್ನ ಕೊನೆಯ ಅಧ್ಯಾಯ. ಇದನ್ನು ಧಾರವಾಡಕ್ಕೆ ಒಯ್ದರೆ ಸಹಿ ಬೀಳುತ್ತದೆ, ಗುತ್ತಿಗೆ ಮುಂದುವರಿಯುತ್ತದೆ, ನಾನು ಡಾಕ್ಟರ್ ಇಷ್ರತ ಆಗುತ್ತೇನೆ. ಆ ಪುಟವನ್ನು ಎದೆಗೆ ಒತ್ತಿಕೊಂಡೆ ಎಂದರೆ ನಗಬೇಡಿ. ಒಬ್ಬಳೇ ಇದ್ದೆ, ಒತ್ತಿಕೊಂಡೆ.

ಕೊಟ್ರೇಶ ಸರ್‌ಗೆ ತೋರಿಸಿದೆ. ಅವರು ನಿವೃತ್ತಿಯ ಹತ್ತಿರದವರು, ಯಾವುದಕ್ಕೂ ದನಿ ಎತ್ತದವರು, ನನ್ನಷ್ಟೇ ದಣಿದವರು. ಕನ್ನಡಕ ಹಾಕಿಕೊಂಡು ಸೋಮವಾರದ ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದರು. ವಾರದ ಹಂಚಿಕೆ ಪ್ರತಿ ಊರಿನ ಬೋರ್ಡಿಗೆ ಅಂಟಿಸಲೇಬೇಕು, ಸಭೆಯಲ್ಲಿ ಇಡಲೇಬೇಕು, ಅದು ಒಕ್ಕೂಟದ ನಿಯಮ. ಇಲ್ಲಿಯತನಕ ಬೋರ್ಡಿನಲ್ಲಿ ಸೋಮವಾರದ ಸಾಲೇ ಇರಲಿಲ್ಲ. ಸುಮ್ಮನೆ ಕಳಕಪ್ಪನಿಗೆ ಫೋನ್ ಮಾಡಿ ಗೇಟು ತೆಗೆಸೋಣ ಎಂದರೆ, ಹಂಚಿಕೆ ಇರುವತನಕ ಹಂಚಿಕೆಯಲ್ಲಿ ಇಲ್ಲದ ನೀರು ಕಳವಿನ ನೀರು.

"ಇದನ್ನ ಸಭಾದಾಗ ಇಟ್ರ ಚಪ್ಪಾಳಿ ಹೊಡಿತಾರ ಮೇಡಂ," ಎಂದರು. "ಮರುವಾರ ಸೋಮವಾರದ ನೀರಿಗೆ ಪಾಲ ಕೇಳ್ತಾರ. ಎತ್ತಂತೂ ಉಳದಿಲ್ಲ. ಸೋಮವಾರ ಇನ್ನೂ ಉಳದೈತಿ, ಯಾಕಂದ್ರ ಯಾರಿಗೂ ಅದರ ನೆಪ್ಪಿಲ್ಲ."

ಹಾಗಾದರೆ ಏನು ಮಾಡಲಿ ಎಂದೆ. ಯಂತ್ರದ ಹಂಚಿಕೆಯನ್ನೇ ಕೈಬಿಟ್ಟು ಹಳೆಯ ಪದ್ಧತಿಗೆ ಹೋದರೆ ಎಲ್ಲವೂ ಮೊದಲಿನ ಹಾಗೆ ಆಗುತ್ತದೆ, ಆದರೆ ನಿಮ್ಮ ಕೆಲಸವೂ ಹೋಗುತ್ತದೆ ಎಂದು ನನ್ನ ಮುಖ ನೋಡದೆ ಹೇಳಿದರು. ಪುಟವನ್ನು ಮಡಿಚಿ ನನ್ನ ಕೈಗೆ ಕೊಟ್ಟು, ತಾವು ಅದನ್ನು ನೋಡಿಲ್ಲ ಎಂದರು.

ಸಭೆ ನರಗುಂದದಲ್ಲಿ. ಬಸ್ಸಿನ ಕಿಟಕಿಯಾಚೆ ಎರೆಹೊಲಗಳಲ್ಲಿ ಬಿಳಿಜೋಳ ತೆನೆ ಕಟ್ಟಿ ನಿಂತಿತ್ತು, ಕಡಲೆ ಕೀಳುತ್ತಿದ್ದರು. ಬ್ಯಾಗಿನಲ್ಲಿ ಆ ಪುಟ ಇತ್ತು. ಕೊಡುವುದೋ ಬಿಡುವುದೋ ಎಂದು ದಾರಿಯುದ್ದಕ್ಕೂ ತೂಗಿದೆ. ಒಂದು ಕಡೆ ನನ್ನ ಇಷ್ಟು ವರ್ಷದ ಓದು, ಇನ್ನೊಂದು ಕಡೆ ಬೇಸಿಗೆಯ ಕೊಡಗಳು. ನಿಜ ಹೇಳುತ್ತೇನೆ, ಊರಿನ ಮೇಲೆ ನನಗೆ ಕೆಟ್ಟ ಸಿಟ್ಟು ಬಂದಿತ್ತು. ಹೇಳಿದ್ದರೆ ಆಗುತ್ತಿರಲಿಲ್ಲವೇ, ನಾನೇನು ಹೊರಗಿನವಳೇ? ನರಗುಂದದ ಗುಡ್ಡ ಕಾಣುವ ಹೊತ್ತಿಗೆ ಸಿಟ್ಟು ಮಾಡುವ ತ್ರಾಣವೂ ಉಳಿಯಲಿಲ್ಲ.

ಕಂಪ್ಯೂಟರ್ ಏನು ಹೇಳುತ್ತದೆ ಎಂದು ಗೌಡರು ಕೇಳಿದರು. ನಾನು ಎದ್ದು ನಿಂತು, ಲೆಕ್ಕ ಉತ್ತರಕ್ಕೆ ಬರುತ್ತಿಲ್ಲ, ನನ್ನ ವಿಧಾನ ಈ ಕಾಲುವೆಗೆ ಒಗ್ಗಲಿಲ್ಲ, ಹಳೆಯ ಪದ್ಧತಿಗೇ ಹೋಗುವುದು ಒಳ್ಳೆಯದು ಎಂದೆ. ಸಭೆಯಲ್ಲಿ ಗುಸುಗುಸು ಎದ್ದಿತು. ಅವಳ ಊರಿಗೇ ನೀರು ಮುಟ್ಟಿಲ್ಲವಂತೆ ಎಂದು ಹಿಂದಿನಿಂದ ಯಾರೋ ನಕ್ಕರು. ಕೊಟ್ರೇಶ ಸರ್ ಮೇಜಿನ ಮೇಲಿನ ನೀರಿನ ಲೋಟವನ್ನು ಅತ್ತಿತ್ತ ಸರಿಸುತ್ತಿದ್ದರು. ಇಷ್ಟಕ್ಕೆ ಮುಗಿಯಿತು ಎಂದುಕೊಂಡು ಕೂರಲು ಹೋದೆ.

"ಒಂದ ಮಾತು," ಎಂದರು ಗೌಡರು. "ಸೋಮವಾರ ಗೇಟ್ ಹಾಕೂದು ಚಲೋ ವಿಚಾರ ಇತ್ತು. ನೀರು ಉಳಿತೈತಿ. ಉಳಿದದ್ದು ಬಿಟ್ರೂ ಅದನ್ನಷ್ಟು ಇಟ್ಕೊಳ್ಳೋಣು."

ಎಲ್ಲರೂ ತಲೆ ಆಡಿಸಿದರು. ಅದು ಬೇಡ ಎಂದರೆ ಯಾಕೆ ಎಂದು ಕೇಳುತ್ತಾರೆ. ಇದ್ದದ್ದನ್ನು ಹೇಳಿದರೆ ಕೆರೆ ಹೋಯಿತು, ಸುಮ್ಮನಿದ್ದರೂ ಕೆರೆ ಹೋಯಿತು. ಕಣ್ಣು ಕಟ್ಟಿದವಳ ಹಾಗೆ ನೆಲ ತಡವಿದೆ. ಇವರ ಇಳಿಜಾರು ಯಾವ ಕಡೆಗಿದೆ? ತಮ್ಮ ನೀರು ಹೋಗುತ್ತದೆ ಎಂದರೆ ಮಾತ್ರ ಇವರು ಹಿಂದೆ ಸರಿಯುತ್ತಾರೆ.

"ಅದು ನಂದ ತಪ್ಪರಿ ಗೌಡ್ರ," ಎಂದೆ. "ನಮ್ಮದು ಎರಿಮಣ್ಣು. ಸೋಮವಾರ ಒಣಗಿದ ಕಾಲವಿ ಬಿರಕು ಬಿಡತೈತ್ರಿ. ಮಂಗಳವಾರ ಬಿಟ್ಟ ನೀರು ಮೊದಲ ಆ ಬಿರಕಿಗೆ ಹೋಗತೈತಿ. ನಿಮ್ಮ ಪಾಲಿನ ನೀರ ಅದು. ನನಗ ಮೊದಲ ತಿಳೀಲಿಲ್ಲ."

ಒಂದು ದಿನಕ್ಕೆ ಕಾಲುವೆ ಎಷ್ಟು ಬಿರಿಯುತ್ತದೆ? ಹೇಳಿಕೊಳ್ಳುವಷ್ಟೇನಿಲ್ಲ. ಆದರೆ ಎರೆಮಣ್ಣು ಬಿರಿಯುವುದು ಅಲ್ಲಿ ಕೂತ ಎಲ್ಲರಿಗೂ ಗೊತ್ತು, ಗೊತ್ತಿದ್ದದ್ದನ್ನು ಕೇಳಿದರೆ ಯಾರೂ ಅಳೆಯಲು ಹೋಗುವುದಿಲ್ಲ. ಗೌಡರು ಹುಬ್ಬು ಗಂಟಿಕ್ಕಿ, ಮಂಗಳವಾರ ನೀರು ತಡವಾಗಿ ಬರುತ್ತಿದ್ದುದು ಇದಕ್ಕೇ ಏನು, ಎಂದು ಪಕ್ಕದವರನ್ನು ಕೇಳಿದರು. ಅವರು ಹೌದು ಹೌದು ಎಂದರು. ಆಮೇಲೆ ನಗು ಶುರುವಾಯಿತು. ಎರೆಭೂಮಿಯಲ್ಲಿ ಹುಟ್ಟಿ ಎರೆಮಣ್ಣಿನ ಗುಣ ಗೊತ್ತಿಲ್ಲದವಳು, ಎಂ.ಎಸ್ಸಿ. ಓದಿದಾಕಿ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಒಬ್ಬ ಮುದುಕ ಎಲ್ಲರಿಗೂ ಕೇಳುವ ಹಾಗೆ ಅಂದ. ನಾನು ತಲೆ ತಗ್ಗಿಸಿ ನಿಂತೆ. ಸೋಮವಾರ ಗೇಟು ಹಾಕುವುದು ಬೇಡ, ಮೊದಲಿನ ಹಾಗೆ ಕಳಕಪ್ಪನೇ ನೋಡಿಕೊಳ್ಳಲಿ ಎಂದು ಠರಾವಾಯಿತು. ನನ್ನ ಗುತ್ತಿಗೆ ತಿಂಗಳ ಕೊನೆಗೆ ಮುಗಿಯುತ್ತದೆ ಎಂಬುದೂ ಅದೇ ಠರಾವಿನಲ್ಲಿ ಸೇರಿತು.

ಬಸ್ ನಿಲ್ದಾಣದಲ್ಲಿ ಆ ಪುಟವನ್ನು ಸಣ್ಣಗೆ ಹರಿದು ಕಸದ ಡಬ್ಬಿಗೆ ಹಾಕಿದೆ. ಮನೆಗೆ ಬಂದು ಕಂಪ್ಯೂಟರಿನಲ್ಲಿದ್ದದ್ದನ್ನೂ ಅಳಿಸಿದೆ. ಪ್ರಬಂಧ ಒಮ್ಮೆ ಅಚ್ಚಾದರೆ ಯಾರು ಬೇಕಾದರೂ ಓದಬಹುದು. ಕಾಲುವೆಯ ಅಧ್ಯಾಯ ಎಲ್ಲಿಗೆ ಬಂತು ಎಂದು ಮಾರ್ಗದರ್ಶಕರು ಫೋನ್ ಮಾಡಿದರು. ಲೆಕ್ಕ ಬರಲಿಲ್ಲ ಸರ್ ಎಂದೆ. ಅವರಿಗೆ ನನ್ನಿಂದ ಬೇಸರವಾಯಿತು, ಬೇರೆ ಸಮಸ್ಯೆ ಹುಡುಕು ಎಂದು ಫೋನ್ ಇಟ್ಟುಬಿಟ್ಟರು. ಇನ್ನು ಹುಡುಕಬೇಕು. ಹುಡುಕುವ ಮನಸ್ಸು ಸದ್ಯಕ್ಕೆ ಇಲ್ಲ.

ಅಮ್ಮನಿಗೆ ಮಾತ್ರ ಎಲ್ಲ ಹೇಳಿದೆ. ನನ್ನ ತಾಟಿನಲ್ಲಿ ಇನ್ನೊಂದು ರೊಟ್ಟಿ ಹಾಕಿದಳು, ಬೇಡವೆಂದರೂ.

ಸೋಮವಾರ ಬಂತು, ಕಾಲುವೆಯ ನೀರೂ ಬಂತು. ಬಸ್ಸು ಹಿಡಿಯುವ ಕೆಲಸ ಇನ್ನಿರಲಿಲ್ಲ, ಹೀಗಾಗಿ ಅಮ್ಮನ ಜೊತೆ ಕೊಡ ಹಿಡಿದು ಹೋದೆ. ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು ಎಂದು ಯಾರೋ ಸ್ವಾಗತಿಸಿದರು. ತೂಬಿನ ಬಾಯಿಯಿಂದ ನೀರು ಕೆರೆಗೆ ದಬದಬ ಬೀಳುತ್ತಿತ್ತು. ಒಣಗಿದ ಮೆಟ್ಟಿಲು ಒಂದೊಂದಾಗಿ ತೊಯ್ಯುತ್ತಿದ್ದವು. ಕಾಲುವೆ ಬಂದ್ ಆಗುವುದರೊಳಗೆ ಪೂರ್ತಿ ಅಲ್ಲದಿದ್ದರೂ ಬೇಸಿಗೆ ದಾಟುವಷ್ಟು ಆಗುತ್ತದೆ ಎಂದು ಕಣ್ಣಳತೆಗೇ ಕಾಣುತ್ತಿತ್ತು. ಹೆಂಗಸರಿಗೆ ಮಾತು ಬಂದಿತ್ತು. ಈಗ ನನಗೆ ದಾರಿ ಬಿಡುವವರು ಯಾರೂ ಇರಲಿಲ್ಲ.

"ಇಷ್ರತಕ್ಕನ ಕಂಪ್ಯೂಟರ್ ಬಂದ್ ಆತು ನೋಡ್ರಿ, ಕೆರಿಗೆ ನೀರ್ ಬಂತು," ಅಂದಳು ಹೊಸದಾಗಿ ಮದುವೆಯಾಗಿ ಬಂದ ಕವಿತಾ.

ಎಲ್ಲರೂ ಬಿದ್ದು ಬಿದ್ದು ನಕ್ಕರು. ಶೇಖವ್ವಾಯಿಯ ನಗು ಎಲ್ಲರಿಗಿಂತ ಜೋರಾಗಿತ್ತು. ನಿಮಗಾಗಿ, ನಿಮ್ಮ ಈ ಕೊಡಗಳಿಗಾಗಿಯೇ ಬಂದ್ ಮಾಡಿದೆ, ಎಂದು ಕೂಗಿಬಿಡುತ್ತಿದ್ದೆ. ಅಷ್ಟರಲ್ಲಿ ಅಮ್ಮ ನನ್ನ ಕೈ ಹಿಡಿದಳು.

"ಓದಿ ಓದಿ ಮರುಳಾಗ್ಯಾಳ ನಮ್ಮಾಕಿ," ಎಂದು ಅವಳೂ ಎಲ್ಲರ ಜೊತೆ ನಕ್ಕಳು. ಅವಳ ಕಣ್ಣು ಮಾತ್ರ ನೀರಿನ ಮೇಲಿತ್ತು. ನನ್ನ ಮಣಿಕಟ್ಟು ಕೆಂಪಾಗುವಷ್ಟು ಬಿಗಿಯಾಗಿ ಹಿಡಿದಿದ್ದಳು, ಕೊಡ ತುಂಬುವವರೆಗೂ ಬಿಡಲಿಲ್ಲ.